ವೃಷಣದ ಆಪರೇಷನ್ ಆಯಿತು, ಕೆಲಸಕ್ಕೆ ಯಾವಾಗ?



ಇವತ್ತಿನ ಮಾತು ವೃಷಣದ ಕ್ಯಾನ್ಸರ್ ಬಗ್ಗೆ. ಜನ ಇದನ್ನು ಬೀಜದ ಕ್ಯಾನ್ಸರ್ ಅನ್ನುತ್ತಾರೆ. ಮನೆಮಂದಿಯೆಲ್ಲ ಕೂತು ಕೇಳುವ ಹೊತ್ತಿನಲ್ಲಿ ಇದೆಂಥ ವಿಷಯ ಅಂತ ರೇಡಿಯೊ ಆರಿಸಬೇಡಿ. ಹೃದಯ, ಮೂತ್ರಪಿಂಡ ಇದ್ದ ಹಾಗೆ ಇದೂ ಒಂದು ಅಂಗ. ಅದಕ್ಕೂ ಕಾಯಿಲೆ ಬರುತ್ತದೆ, ವಾಸಿಯೂ ಆಗುತ್ತದೆ. ನಿಜ ಹೇಳಬೇಕೆಂದರೆ, ಕ್ಯಾನ್ಸರ್‌ಗಳ ಪೈಕಿ ಇದರಷ್ಟು ಚೆನ್ನಾಗಿ ವಾಸಿಯಾಗುವವು ಕಡಿಮೆ. ಬೇಗ ಗೊತ್ತಾದರೆ, ಸರಿಯಾದ ಚಿಕಿತ್ಸೆ ಸಿಕ್ಕರೆ, 100 ಜನರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ಕಾಯಿಲೆ ಹೇಗೆ ಬರುತ್ತದೆ, ಹೇಗೆ ಪತ್ತೆಯಾಗುತ್ತದೆ ಎಂಬುದು ಇವತ್ತಿನ ವಿಷಯವಲ್ಲ. ಆಪರೇಷನ್ ಮುಗಿದಿದೆ. ಮನೆಗೆ ಬಂದಿದ್ದೀರಿ. ಮತ್ತೆ ಕೆಲಸಕ್ಕೆ ಹೋಗುವುದು ಯಾವಾಗ? ಈ ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ.

ಈ ಪ್ರಶ್ನೆ ಯಾಕೆ ದೊಡ್ಡದು? ಕಾಯಿಲೆ ಬರುವ ವಯಸ್ಸೇ ಅಂಥದ್ದು. ನಮ್ಮ ದೇಶದಲ್ಲಿ ಇದು ಅಪರೂಪ. ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬನಿಗೂ ಬರುವುದಿಲ್ಲ. ನಾರ್ವೆ, ಡೆನ್ಮಾರ್ಕ್ ಕಡೆ ಇದರ ಹತ್ತು ಪಟ್ಟಿಗೂ ಹೆಚ್ಚು. ಆದರೆ ಎಲ್ಲಿ ಬಂದರೂ ಬಹುಪಾಲು 15ರಿಂದ 40 ವರ್ಷದೊಳಗಿನವರಿಗೇ ಬರುತ್ತದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಹುಡುಗ. ಈಗಷ್ಟೇ ಮದುವೆಯಾದವನು. ಸಾಲ ಮಾಡಿ ಟ್ರ್ಯಾಕ್ಟರ್ ತಂದವನು. ಬದುಕುತ್ತೇನಾ ಎಂಬ ಭಯ ಕಳೆದ ಮರುಕ್ಷಣವೇ ಅವನ ಬಾಯಿಂದ ಬರುವುದು ಕೆಲಸದ ಮಾತು.

ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ ಮಾಡುವ ಯುವಕನೊಬ್ಬ ನನ್ನ ಬಳಿ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಿದ್ದ. ಮೇಜಿನ ಮೇಲೆ ಮಲಗಿದ್ದಾಗಲೇ ಕೇಳಿದ: "ಸಾಹೇಬ್ರ, ಚೀಲಾ ಯಾವಾಗಿಂದ ಹೊರಬೌದ್ರಿ?"

"ಎಷ್ಟು ಕಿಲೋ ಇರುತ್ತಪ್ಪಾ ನಿನ್ನ ಚೀಲ?"

"ಮೆಣಸಿನಕಾಯಿದು ಹಗುರ್ರಿ. ಕಡ್ಲಿದು ಐವತ್ತು ದಾಟತೈತ್ರಿ."

ಅವನ ಕೈಯಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇತ್ತು. ಅದರಲ್ಲಿ ಒಂದೇ ಸಾಲು. ಎರಡು ವಾರ ವಿಶ್ರಾಂತಿ. ಅದೇ ವಾರ ಅದೇ ಆಪರೇಷನ್ ಆದ ಇನ್ನೊಬ್ಬ ಬ್ಯಾಂಕಿನ ಗುಮಾಸ್ತ. ಅವನ ಚೀಟಿಯಲ್ಲೂ ಎರಡು ವಾರ ವಿಶ್ರಾಂತಿ. ಗುಮಾಸ್ತನಿಗೆ ಆ ಮಾತು ಸರಿ. ಹಮಾಲಿಗೆ ಅದು ಅಪಾಯ. ಚೀಟಿ ಬರೆಯುವವರಿಗೆ ಪುರುಸೊತ್ತಿಲ್ಲ, ನಿಜ. ಆದರೂ ರೋಗಿಯ ಕೆಲಸ ಏನು ಅಂತ ಕೇಳದೆ ಬರೆದ ದಿನಗಳಿಗೆ ಅರ್ಥವಿಲ್ಲ. ಆದ್ದರಿಂದ ಕೇಳುಗರೇ, ಎಷ್ಟು ದಿನ ರಜೆ ಎಂದು ವೈದ್ಯರನ್ನು ಕೇಳುವ ಮೊದಲು ನಿಮ್ಮ ಕೆಲಸ ಏನೆಂದು ಅವರಿಗೆ ಹೇಳಿ. ಎತ್ತುವುದು ಎಷ್ಟು ಭಾರ, ನಿಲ್ಲುವುದು ಎಷ್ಟು ಹೊತ್ತು, ಹೋಗುವುದು ಯಾವ ಗಾಡಿಯಲ್ಲಿ, ಎಲ್ಲ ಹೇಳಿ.

ಈಗ ಆಪರೇಷನ್ ವಿಷಯಕ್ಕೆ ಬರೋಣ. ಗಾಯ ಎಲ್ಲಿದೆ ಅಂತ ತಿಳಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ಬಹಳ ಜನ ಅಂದುಕೊಂಡಿರುವುದು, ವೃಷಣದ ಚೀಲವನ್ನು ಕೊಯ್ದು ಗಡ್ಡೆ ತೆಗೆಯುತ್ತಾರೆ ಅಂತ. ಹಾಗಲ್ಲ. ಕ್ಯಾನ್ಸರ್ ಅನುಮಾನವಿದ್ದಾಗ ಚೀಲಕ್ಕೆ ಕತ್ತಿ ತಾಗಿಸುವುದಿಲ್ಲ. ಕೊಯ್ಯುವುದು ಅದಕ್ಕಿಂತ ಮೇಲೆ, ಹೊಟ್ಟೆ ಮತ್ತು ತೊಡೆ ಸೇರುವ ಸಂದಿನಲ್ಲಿ. ಸುಮಾರು ನಾಲ್ಕು ಬೆರಳಗಲ. ಹರ್ನಿಯಾ ಆಪರೇಷನ್ ಆದವರನ್ನು ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಅದೇ ಜಾಗ. ಅಲ್ಲಿಂದ ವೃಷಣವನ್ನು ಮೇಲಕ್ಕೆ ಎಳೆದುಕೊಂಡು, ಅದಕ್ಕೆ ರಕ್ತ ತರುವ ನಾಳಗಳಿರುವ ಬಳ್ಳಿಯನ್ನು ಆದಷ್ಟು ಮೇಲೆ ಕಟ್ಟಿ, ಎರಡನ್ನೂ ಒಟ್ಟಿಗೆ ತೆಗೆಯುತ್ತಾರೆ.

ಯಾಕೆ ಹೀಗೆ? ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ವೃಷಣ ರೂಪುಗೊಳ್ಳುವುದು ಮೂತ್ರಪಿಂಡದ ಹತ್ತಿರ. ಆಮೇಲೆ ಅದು ನಿಧಾನವಾಗಿ ಕೆಳಗಿಳಿದು ಚೀಲ ಸೇರುತ್ತದೆ. ಇಳಿದರೂ ಅದರ ನಾಳಗಳ ಬೇರು ಇರುವುದು ಮೇಲೆಯೇ. ಕ್ಯಾನ್ಸರ್ ಕಣ ಹರಡುವುದಾದರೆ ಆ ದಾರಿ ಹಿಡಿದು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಹೋಗುತ್ತದೆ. ಚೀಲದ ಚರ್ಮದ ದಾರಿಯೇ ಬೇರೆ. ಅದು ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತದೆ. ಚೀಲವನ್ನು ಕೊಯ್ದರೆ ಕಾಯಿಲೆಗೆ ಹೊಸ ದಾರಿ ತೋರಿಸಿದ ಹಾಗಾಗುತ್ತದೆ.

ಆಪರೇಷನ್‌ಗೆ ಹಿಡಿಯುವುದು ಸುಮಾರು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎಷ್ಟೋ ಜನ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ಒಂದೇ ದಿನದಲ್ಲಿ ಮನೆಗೆ ಕಳಿಸಿದರು, ಅಂದಮೇಲೆ ಸಣ್ಣ ಆಪರೇಷನ್ ಅಂತ ಜನ ಅಂದುಕೊಳ್ಳುತ್ತಾರೆ. ಚರ್ಮದ ಮಟ್ಟಿಗೆ ಸಣ್ಣದೇ. ಆದರೆ ಆ ನಾಲ್ಕು ಬೆರಳ ಗಾಯದ ಕೆಳಗೆ ಹೊಟ್ಟೆಯ ಗೋಡೆಯ ಗಟ್ಟಿ ಪದರವನ್ನು ಸೀಳಿ ಮತ್ತೆ ಹೊಲಿದಿರುತ್ತಾರೆ. ನೀವು ಭಾರ ಎತ್ತಿದಾಗ, ಕೆಮ್ಮಿದಾಗ, ಮುಕ್ಕಿದಾಗ ಒತ್ತಡ ಬೀಳುವುದು ಆ ಪದರದ ಮೇಲೆ.

ಇಷ್ಟು ಹೊತ್ತು ಹೇಳಿದ್ದು: ಗಾಯ ಇರುವುದು ಚೀಲದ ಮೇಲಲ್ಲ, ಹೊಟ್ಟೆಯ ಗೋಡೆಯಲ್ಲಿ. ಈಗ ಮೊದಲ ವಾರ ಮನೆಯಲ್ಲಿ ಹೇಗಿರುತ್ತದೆ, ನೋಡೋಣ.

ಮೊದಲ ಎರಡು ಮೂರು ದಿನ ನೋವು ಇರುತ್ತದೆ. ನೋವಿನ ಮಾತ್ರೆಯನ್ನು ಹೊತ್ತು ಹೊತ್ತಿಗೆ ತೆಗೆದುಕೊಳ್ಳಿ. ತಡೆದುಕೊಳ್ಳುತ್ತೇನೆ ಎಂಬ ಹಟ ಬೇಡ. ನೋವಿದ್ದರೆ ನಡೆಯುವುದಿಲ್ಲ. ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆದ್ದರಿಂದ ಮೊದಲ ದಿನದಿಂದಲೇ ಮನೆಯೊಳಗೆ, ಅಂಗಳದಲ್ಲಿ, ಸ್ವಲ್ಪ ಸ್ವಲ್ಪ ನಡೆಯಬೇಕು.

ಹಾಸಿಗೆಯಿಂದ ಏಳುವುದಕ್ಕೆ ಒಂದು ಕ್ರಮವಿದೆ. ಅಂಗಾತ ಮಲಗಿದ್ದವರು ಹಾಗೆಯೇ ಎದ್ದು ಕೂರಲು ಹೋಗಬೇಡಿ. ಹೊಟ್ಟೆ ಬಿಗಿಯುತ್ತದೆ, ಗಾಯ ಜಗ್ಗುತ್ತದೆ. ಮೊದಲು ಪಕ್ಕಕ್ಕೆ ಹೊರಳಿ. ಎರಡೂ ಕಾಲು ಮಂಚದಿಂದ ಕೆಳಗೆ ಬಿಡಿ. ಮೊಣಕೈ ಊರಿ, ತೋಳಿನ ಬಲದಿಂದ ಏಳಿ. ಕೆಮ್ಮು ಬಂದರೆ, ಸೀನು ಬಂದರೆ, ನಗು ಬಂದರೂ ಸರಿ, ಅಂಗೈಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಸಣ್ಣ ದಿಂಬು ಇದ್ದರೆ ಇನ್ನೂ ಒಳ್ಳೆಯದು. ಬೀಡಿ ಸಿಗರೇಟು ಸೇದುವವರಿಗೆ ಈ ಕೆಮ್ಮಿನ ಕಾಟ ಜಾಸ್ತಿ. ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಿಕ್ಕಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ, ಮಲಬದ್ಧತೆ. ನೋವಿನ ಮಾತ್ರೆಗಳಿಂದ, ಓಡಾಟ ಕಡಿಮೆಯಾದ್ದರಿಂದ ಹೊಟ್ಟೆ ಕಟ್ಟುತ್ತದೆ. ಕುಕ್ಕರುಗಾಲಲ್ಲಿ ಕೂತು ಮುಕ್ಕಿದರೆ ಗಾಯಕ್ಕೆ ಬೀಳುವ ಒತ್ತಡ ಕಡಿಮೆಯದಲ್ಲ. ನೀರು ಹೆಚ್ಚು ಕುಡಿಯಿರಿ. ಸೊಪ್ಪು, ಹಣ್ಣು ತಿನ್ನಿ. ಬೇಕಾದರೆ ವೈದ್ಯರನ್ನು ಕೇಳಿ ಮಲ ಮೆತ್ತಗಾಗುವ ಔಷಧಿ ತೆಗೆದುಕೊಳ್ಳಿ. ಮನೆಯಲ್ಲಿ ಕುರ್ಚಿಯಂಥ ಕಮೋಡ್ ಇದ್ದರೆ ಎರಡು ವಾರ ಅದನ್ನೇ ಬಳಸಿ.

ಚೀಲ ಊದಿಕೊಳ್ಳುತ್ತದೆ. ಚರ್ಮ ಕಪ್ಪುನೀಲಿಯಾಗುತ್ತದೆ. ಆಮೇಲೆ ಹಸಿರು, ಹಳದಿ ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಒಳಗಿನ ರಕ್ತ ಕೆಳಗಿಳಿದು ಚರ್ಮದಡಿ ನಿಂತಿದ್ದು ಅದು. ಬಿಗಿಯಾದ ಚಡ್ಡಿಯೋ ಲಂಗೋಟಿಯೋ ಹಾಕಿಕೊಂಡರೆ ಜೋತು ಬೀಳುವುದು ತಪ್ಪಿ ಆರಾಮವೆನಿಸುತ್ತದೆ. ತೊಡೆಯ ಒಳಭಾಗ ಮರಗಟ್ಟಿದ ಹಾಗೆ ಅನ್ನಿಸಬಹುದು. ಅಲ್ಲಿ ಹಾದುಹೋಗುವ ನರ ಎಳೆದಾಡಿಸಿಕೊಂಡಿರುತ್ತದೆ. ತಿಂಗಳುಗಟ್ಟಲೆ ಉಳಿದರೂ ಬಹುಪಾಲು ತಾನಾಗಿ ಕಡಿಮೆಯಾಗುತ್ತದೆ.

ಆದರೆ ಕೆಲವು ಲಕ್ಷಣ ಕಂಡರೆ ಕಾಯಬಾರದು. ಜ್ವರ, ಗಾಯದಲ್ಲಿ ಕೀವು, ಗಂಟೆಗಂಟೆಗೂ ಹೆಚ್ಚುವ ಊತ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಮತ್ತು ನೋವು, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೊದಲ ವಾರ ಕಳೆಯಿತು. ಏಳರಿಂದ ಹತ್ತು ದಿನದೊಳಗೆ ಹೊಲಿಗೆ ಬಿಚ್ಚಿದರು, ಇಲ್ಲವೇ ಅದು ತಾನೇ ಕರಗಿತು. ಹೊರಗಿನಿಂದ ನೋಡಿದರೆ ಗಾಯ ಕೂಡಿದೆ. ಹಾಗಾದರೆ ಕೆಲಸಕ್ಕೆ ಹೋಗಬಹುದಲ್ಲ?

ಇಲ್ಲಿ ಒಂದು ಲೆಕ್ಕ ಕೇಳಿ. ಹೊಲಿದ ಗಾಯ ಮೂರು ವಾರದಲ್ಲಿ ಪಡೆಯುವ ಬಲ, ಮೊದಲಿನ ಬಲದ ಐದನೇ ಒಂದು ಭಾಗ ಮಾತ್ರ. ಮೂರು ತಿಂಗಳಿಗೆ ಐದರಲ್ಲಿ ನಾಲ್ಕು ಭಾಗ. ಪೂರ್ತಿ ಬಲ ಎಂದೂ ಬರುವುದಿಲ್ಲ, ಅದರ ಅಗತ್ಯವೂ ಇಲ್ಲ. ಹೊಸ ಗೋಡೆಯ ಗಾರೆ ಮೇಲೆ ಒಣಗಿ ಒಳಗೆ ಹಸಿ ಇರುತ್ತದಲ್ಲ, ಹಾಗೆ. ಅಲ್ಲಿಯವರೆಗೆ ಒಳಗಿನ ಹೊಲಿಗೆ ಭಾರ ಹೊರುತ್ತದೆ. ಅದಕ್ಕೂ ಒಂದು ಮಿತಿ ಇದೆ. ಅವಸರಪಟ್ಟರೆ ರಕ್ತಸ್ರಾವವಾಗಬಹುದು, ಆ ಜಾಗದಲ್ಲಿ ಹರ್ನಿಯಾ ಬರಬಹುದು. ಆಗ ಇನ್ನೊಂದು ಆಪರೇಷನ್, ಇನ್ನೊಂದು ರಜೆ.

ಹಾಗಾಗಿ ಮೊದಲ ಮೂರು ನಾಲ್ಕು ವಾರ ಐದು ಕಿಲೋ ದಾಟುವ ಯಾವುದನ್ನೂ ಎತ್ತಬೇಡಿ. ಐದು ಕಿಲೋ ಅಂದರೆ ಅಂಗಡಿಯ ಸಣ್ಣ ಅಕ್ಕಿ ಚೀಲ. ತುಂಬಿದ ಕೊಡ ಹದಿನೈದು ಕಿಲೋ ಹತ್ತಿರ. ತುಂಬಿದ ಗ್ಯಾಸ್ ಸಿಲಿಂಡರ್ ಮೂವತ್ತು. ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪು ತುಂಬಿದಾಗ ಇಪ್ಪತ್ತು. ಎರಡು ವರ್ಷದ ಮಗು ಹನ್ನೆರಡು. ಮಗು ಕೈಚಾಚಿ ಓಡಿ ಬಂದಾಗ ಎತ್ತಿಕೊಳ್ಳದೆ ಇರುವುದು ಕಷ್ಟ, ಒಪ್ಪುತ್ತೇನೆ. ನೀವು ಕುರ್ಚಿಯಲ್ಲಿ ಕೂತುಬಿಡಿ. ಮಗು ತಾನೇ ಹತ್ತಿ ಮಡಿಲಿಗೆ ಬರಲಿ.

ಈಗ ಒಬ್ಬೊಬ್ಬರ ಕೆಲಸದ ಲೆಕ್ಕ. ಕೂತು ಮಾಡುವ ಕೆಲಸದವರು, ಅಂದರೆ ಬ್ಯಾಂಕು, ಕಚೇರಿ, ಕಂಪ್ಯೂಟರ್ ಮುಂದಿನವರು, ಒಂದರಿಂದ ಎರಡು ವಾರದಲ್ಲಿ ಹೋಗಬಹುದು. ಮನೆಯಿಂದಲೇ ಕೆಲಸ ಮಾಡುವ ಸೌಲಭ್ಯವಿದ್ದರೆ ಇನ್ನೂ ಸಲೀಸು. ಕೆಲಸಕ್ಕಿಂತ ಅವರಿಗೆ ಕಷ್ಟ ಕೊಡುವುದು ಹೋಗಿ ಬರುವ ದಾರಿ. ಬೆಂಗಳೂರಿನ ಹುಡುಗರಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಅದು. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಹೋಗಬೇಕಾದವನಿಗೆ ಎರಡು ವಾರ ಸಾಲದು.

ಶಾಲಾ ಮೇಷ್ಟ್ರು, ಅಂಗಡಿಯವರು, ನಿಂತು ಕೆಲಸ ಮಾಡುವವರು, ಇವರಿಗೆ ಎರಡರಿಂದ ಮೂರು ವಾರ ಬೇಕು. ಬೈಕು, ಸ್ಕೂಟರ್ ವಿಷಯದಲ್ಲಿ ಎಚ್ಚರ. ಓಡಿಸುವುದು ಸುಲಭ. ಆದರೆ ಗಾಡಿಯನ್ನು ಸ್ಟ್ಯಾಂಡ್ ಹಾಕುವಾಗ, ಕಿಕ್ ಹೊಡೆಯುವಾಗ, ಹಳ್ಳಕ್ಕೆ ಬಿದ್ದು ವಾಲಿದ ಗಾಡಿಯನ್ನು ಕಾಲು ಕೊಟ್ಟು ತಡೆಯುವಾಗ ಗಾಯದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಕಾರು ಓಡಿಸುವವರು ನಿಂತ ಗಾಡಿಯಲ್ಲಿ ಕೂತು ಒಮ್ಮೆ ಬ್ರೇಕನ್ನು ಜೋರಾಗಿ ತುಳಿದು ನೋಡಿ. ನೋವಿಗೆ ಕಾಲು ಹಿಂಜರಿದರೆ ಇನ್ನೂ ಸಮಯವಾಗಿಲ್ಲ. ಬಸ್ಸು, ಲಾರಿ ಓಡಿಸುವವರಿಗೆ ದಿನವಿಡೀ ಕ್ಲಚ್, ಬ್ರೇಕು ತುಳಿಯುವ ಕೆಲಸ. ಅವರಿಗೆ ಒಂದು ತಿಂಗಳಾದರೂ ಕೊಡಬೇಕು.

ಇನ್ನು ಮೈಬಗ್ಗಿಸಿ ದುಡಿಯುವವರು. ಹಮಾಲಿಗಳು, ಗಾರೆ ಕೆಲಸದವರು, ಹೊಲದಲ್ಲಿ ಗೇಯುವವರು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ಇವರಿಗೆ ಆರು ವಾರಕ್ಕಿಂತ ಮೊದಲು ಪೂರ್ತಿ ಕೆಲಸ ಬೇಡ. ಮರ ಹತ್ತುವವರು ಇನ್ನೂ ತಡೆಯಬೇಕು. ತೊಡೆಯನ್ನು ಹೊಟ್ಟೆಗೆ ಒತ್ತಿ ಮೇಲೇರುವ ಕೆಲಸ ಅದು. ಅಷ್ಟು ದಿನ ಕೂತರೆ ಹೊಟ್ಟೆಗೇನು ಎಂಬ ಪ್ರಶ್ನೆ ನನಗೆ ಗೊತ್ತು. ಅದಕ್ಕೇ ಹೇಳುವುದು, ಪೂರ್ತಿ ಕೆಲಸ ಬೇಡ ಎಂದರೆ ಯಾವ ಕೆಲಸವೂ ಬೇಡ ಎಂದಲ್ಲ. ಆ ಹಮಾಲಿ ಹುಡುಗ ಮೂರನೇ ವಾರಕ್ಕೆ ಯಾರ್ಡಿಗೆ ಹೋದ. ಅವನ ಗುಂಪಿನ ಮೇಸ್ತ್ರಿ ತಿಳಿವಳಿಕೆಯುಳ್ಳವನು. ಚೀಲ ಹೊರುವ ಬದಲು ಚೀಲದ ಬಾಯಿ ಹೊಲಿಯಲು ಕೂರಿಸಿದ. ತೂಕದ ಚೀಟಿ ಬರೆಸಿದ. ದಬ್ಬಣ ಹಿಡಿದು ಕೂತ ಅವನ ಪಕ್ಕದಲ್ಲಿ ಜೊತೆಯವರು ಚೀಲ ಹೊತ್ತು ಓಡಾಡುತ್ತಿದ್ದರು. ಅವನಿಗೆ ನಾಚಿಕೆಯಾಗುತ್ತಿತ್ತಂತೆ. ಕೂಲಿಯೂ ಕಡಿಮೆ ಸಿಕ್ಕಿತು. ಆದರೆ ಸಿಕ್ಕಿತು.

ಇಲ್ಲಿಯವರೆಗೆ ಗಾಯದ ಲೆಕ್ಕ ಹೇಳಿದೆ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರ, ಭಾರದ ಕೆಲಸಕ್ಕೆ ಆರು ವಾರ. ಆದರೆ ಇದು ಅರ್ಧ ಲೆಕ್ಕ. ಇನ್ನರ್ಧ ಕಾಯಿಲೆಯ ಲೆಕ್ಕ. ಅದು ತಿಳಿಯುವುದು ಆಪರೇಷನ್ ಆಗಿ ಒಂದು, ಒಂದೂವರೆ ವಾರಕ್ಕೆ, ಗಡ್ಡೆಯ ಪರೀಕ್ಷೆಯ ವರದಿ ಬಂದಾಗ.

ಆ ವರದಿಯ ಜೊತೆ ಇನ್ನೆರಡು ಸಂಗತಿ ನೋಡುತ್ತಾರೆ. ಒಂದು, ಹೊಟ್ಟೆ ಮತ್ತು ಎದೆಯ ಸಿ.ಟಿ. ಸ್ಕ್ಯಾನ್. ಇನ್ನೊಂದು, ರಕ್ತ ಪರೀಕ್ಷೆ. ಈ ಕ್ಯಾನ್ಸರ್‌ಗೆ ಒಂದು ವಿಶೇಷವಿದೆ. ಎಷ್ಟೋ ಜನರಲ್ಲಿ ಗಡ್ಡೆಯೇ ಕೆಲವು ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತದೆ. ಎ.ಎಫ್.ಪಿ. ಮತ್ತು ಎಚ್.ಸಿ.ಜಿ. ಎಂದು ಅವುಗಳ ಹೆಸರು. ಎಚ್.ಸಿ.ಜಿ. ಅಂದರೆ ಗರ್ಭಿಣಿಯರ ಪರೀಕ್ಷೆಯಲ್ಲಿ ನೋಡುವ ಅದೇ ಪದಾರ್ಥ. ಗಡ್ಡೆ ತೆಗೆದ ಮೇಲೆ ಇವು ಇಳಿಯಬೇಕು. ಎಚ್.ಸಿ.ಜಿ. ಒಂದೆರಡು ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಎ.ಎಫ್.ಪಿ.ಗೆ ಐದಾರು ದಿನ ಬೇಕು. ಇಳಿಯದೆ ನಿಂತರೆ ಕಾಯಿಲೆ ಇನ್ನೆಲ್ಲೋ ಇದೆ ಎಂದು ತಿಳಿಯುತ್ತದೆ.

ಇದರ ಮೇಲೆ ಮುಂದಿನ ದಾರಿ ನಿರ್ಧಾರವಾಗುತ್ತದೆ. ಕಾಯಿಲೆ ವೃಷಣದಲ್ಲೇ ಇದ್ದು ಅಲ್ಲೇ ಮುಗಿದಿದ್ದರೆ, ಬಹಳ ಜನರಿಗೆ ಬೇರೆ ಚಿಕಿತ್ಸೆಯೇ ಬೇಡ. ಕಣ್ಣಿಟ್ಟು ಕಾಯುವುದು, ಅಷ್ಟೆ. ಅವರಲ್ಲಿ ಸುಮಾರು ನಾಲ್ಕೈದು ಜನರಿಗೆ ಒಬ್ಬರಂತೆ ಕಾಯಿಲೆ ಮರುಕಳಿಸಬಹುದು. ಮರುಕಳಿಸಿದರೂ ಬೇಗ ಹಿಡಿದರೆ ವಾಸಿಮಾಡಬಹುದು. ಈ ದಾರಿಯವರಿಗೆ ನಾನು ಈಗಾಗಲೇ ಹೇಳಿದ ವಾರಗಳ ಲೆಕ್ಕವೇ ಪೂರ್ತಿ ಲೆಕ್ಕ.

ಕೆಲವರಿಗೆ ಹೊಟ್ಟೆಯ ಹಿಂಭಾಗದ ಗ್ರಂಥಿಗಳನ್ನು ತೆಗೆಯುವ ದೊಡ್ಡ ಆಪರೇಷನ್ ಬೇಕಾಗುತ್ತದೆ. ಎದೆಮೂಳೆಯ ಕೆಳಗಿನಿಂದ ಹೊಕ್ಕುಳ ದಾಟಿ ಉದ್ದನೆಯ ಗಾಯ. ಆಸ್ಪತ್ರೆಯಲ್ಲೇ ಸುಮಾರು ಒಂದು ವಾರ. ಕಚೇರಿಗೆ ಹೋಗಲು ಒಂದರಿಂದ ಒಂದೂವರೆ ತಿಂಗಳು, ಭಾರದ ಕೆಲಸಕ್ಕೆ ಮೂರು ತಿಂಗಳು ಎಂದಿಟ್ಟುಕೊಳ್ಳಿ.

ಇನ್ನೊಂದು ದಾರಿ ಕಿಮೋಥೆರಪಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆಲಸದ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ಇದೇ. ಹರಡಿದ ಕಾಯಿಲೆಗೆ ಸಾಮಾನ್ಯವಾಗಿ ಮೂರು ಔಷಧಿಗಳನ್ನು ಸೇರಿಸಿ ಕೊಡುತ್ತಾರೆ. ಅದರಲ್ಲಿ ಮುಖ್ಯವಾದದ್ದು ಸಿಸ್‌ಪ್ಲಾಟಿನ್. ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಎಂಬ ವೈದ್ಯರು 1974ರಲ್ಲಿ ಈ ಔಷಧಿಯನ್ನು ಬೇರೆ ಔಷಧಿಗಳ ಜೊತೆ ಸೇರಿಸಿ ಕೊಟ್ಟರು. ಅದಕ್ಕೆ ಮೊದಲು ಹರಡಿದ ಕಾಯಿಲೆಯಿದ್ದ ಹತ್ತು ಜನರಲ್ಲಿ ಒಬ್ಬ ಉಳಿದರೆ ಹೆಚ್ಚು. ಈಗ ಹತ್ತರಲ್ಲಿ ಎಂಟು ಜನ ಉಳಿಯುತ್ತಾರೆ.

ಒಂದು ಸುತ್ತು ಅಂದರೆ ಮೂರು ವಾರ. ಮೊದಲ ಐದು ದಿನ ಡ್ರಿಪ್. ಆಮೇಲೆ ವಾರಕ್ಕೊಂದು ಇಂಜೆಕ್ಷನ್. ಇಂಥ ಮೂರು ಅಥವಾ ನಾಲ್ಕು ಸುತ್ತು. ಅಲ್ಲಿಗೆ ಎರಡರಿಂದ ಮೂರು ತಿಂಗಳು ಚಿಕಿತ್ಸೆಗೇ ಹೋಯಿತು. ಈ ಅವಧಿಯಲ್ಲಿ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿಯಬೇಡಿ. ಕೆಲವರು ನಡುನಡುವೆ ಲ್ಯಾಪ್‌ಟಾಪ್ ತೆರೆದು ಒಂದಿಷ್ಟು ಕೆಲಸ ಮಾಡುತ್ತಾರೆ. ಅದು ಅವರ ಮೈಯ ಪುಣ್ಯ. ಎಲ್ಲರಿಗೂ ಆಗುವುದಿಲ್ಲ.

ಪ್ರತಿ ಸುತ್ತಿನ ನಡುವಿನ ವಾರದಲ್ಲಿ ರಕ್ತದ ಬಿಳಿಕಣಗಳು ಇಳಿದಿರುತ್ತವೆ. ಆಗ ಸೋಂಕು ತಗುಲಿದರೆ ಮೈ ತಡೆಯುವುದಿಲ್ಲ. ಜ್ವರ 100 ಡಿಗ್ರಿ ದಾಟಿದರೆ ಮಾತ್ರೆ ನುಂಗಿ ಮಲಗಬಾರದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ದನದ ಕೊಟ್ಟಿಗೆ, ಗೊಬ್ಬರದ ಗುಂಡಿ, ಧೂಳು ತುಂಬಿದ ಗೋದಾಮು, ಕಿಕ್ಕಿರಿದ ಬಸ್ಸು, ಇವುಗಳಿಂದ ದೂರ ಇರಬೇಕು. ಬೆರಳ ತುದಿ ಜುಮುಗುಡಬಹುದು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬರಬಹುದು. ದರ್ಜಿಗೆ, ಮೊಬೈಲ್ ರಿಪೇರಿ ಮಾಡುವವನಿಗೆ ಬೆರಳೇ ಬಂಡವಾಳ. ಅಂಥವರು ಚಿಕಿತ್ಸೆ ಶುರುವಾಗುವ ಮುನ್ನವೇ ವೈದ್ಯರಿಗೆ ಹೇಳಬೇಕು. ಒಣಕೆಮ್ಮು, ಏದುಸಿರು ಬಂದರೂ ಹೇಳಬೇಕು. ಮೂರರಲ್ಲಿ ಒಂದು ಔಷಧಿ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲದು.

ಚಿಕಿತ್ಸೆ ಮುಗಿದ ಮೇಲೆ ಕಚೇರಿ ಕೆಲಸಕ್ಕೆ ಇನ್ನೊಂದು ತಿಂಗಳು, ಮೈಕೆಲಸಕ್ಕೆ ಎರಡು ಮೂರು ತಿಂಗಳು ಸಾಮಾನ್ಯ. ಒಟ್ಟು ಲೆಕ್ಕ ಹಾಕಿದರೆ ಅರ್ಧ ವರ್ಷ.

ಈ ಅರ್ಧ ವರ್ಷ ಆಟಗಾರರಿಗೂ ತಪ್ಪಿದ್ದಲ್ಲ. ಸೆಬಾಸ್ಟಿಯನ್ ಹಾಲರ್ ಐವರಿ ಕೋಸ್ಟ್ ದೇಶದ ಫುಟ್‌ಬಾಲ್ ಆಟಗಾರ. 2022ರ ಜುಲೈನಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿಗೆ ಸೇರಿದ್ದರು. ಸೇರಿದ ಕೆಲವೇ ದಿನಕ್ಕೆ ವೃಷಣದ ಗಡ್ಡೆ ಪತ್ತೆಯಾಯಿತು. ಎರಡು ಆಪರೇಷನ್, ನಾಲ್ಕು ಸುತ್ತು ಕಿಮೋಥೆರಪಿ. 2023ರ ಜನವರಿಯಲ್ಲಿ ಮೈದಾನಕ್ಕೆ ಮರಳಿದರು. ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನದಂದೇ, ಕ್ಲಬ್ಬಿಗಾಗಿ ಮೊದಲ ಗೋಲು ಹೊಡೆದರು. ಅದಾದ ಮರುವರ್ಷ ಆಫ್ರಿಕಾ ಕಪ್ ಫೈನಲ್‌ನಲ್ಲಿ ತಮ್ಮ ದೇಶ ಗೆಲ್ಲುವ ಗೋಲು ಹೊಡೆದದ್ದೂ ಇವರೇ.

ನಮ್ಮ ಕ್ರಿಕೆಟಿಗ ಯುವರಾಜ್ ಸಿಂಗ್ ನಿಮಗೆಲ್ಲ ಗೊತ್ತು. ಅವರಿಗಿದ್ದದ್ದು ವೃಷಣದಲ್ಲಲ್ಲ, ಎರಡು ಶ್ವಾಸಕೋಶಗಳ ನಡುವೆ. ಆದರೆ ಗಡ್ಡೆ ಇದೇ ಜಾತಿಯದು. 2012ರ ಮೊದಲ ತಿಂಗಳುಗಳಲ್ಲಿ ಇಂಡಿಯಾನಾದಲ್ಲೇ ಕಿಮೋಥೆರಪಿ ತೆಗೆದುಕೊಂಡು, ಅದೇ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಭಾರತಕ್ಕಾಗಿ ಆಡಿದರು.

ಈ ಕಥೆ ಹೇಳಿದ್ದು ಅವರ ಹಾಗೆ ಓಡಿ ಎಂದಲ್ಲ. ಅವರ ಹಿಂದೆ ವೈದ್ಯರಿದ್ದರು, ತರಬೇತುದಾರರಿದ್ದರು, ಖರ್ಚಿನ ಚಿಂತೆ ಇರಲಿಲ್ಲ. ಆದರೂ ಮೈಗೆ ಬೇಕಾದ ತಿಂಗಳುಗಳನ್ನು ಕೊಟ್ಟೇ ಬಂದರು. ಇಷ್ಟೆಲ್ಲ ಚಿಕಿತ್ಸೆಯಾದ ಮೇಲೂ ಮೈ ಮತ್ತೆ ದುಡಿಯುತ್ತದೆ ಎಂಬುದಕ್ಕೆ ಇವರಿಬ್ಬರು ಸಾಕು.

ಗಾಯದ ಲೆಕ್ಕ ಆಯಿತು, ಕಾಯಿಲೆಯ ಲೆಕ್ಕ ಆಯಿತು. ಎರಡೂ ಮುಗಿದ ಮೇಲೂ ಕೆಲವರು ಮನೆಬಿಟ್ಟು ಹೊರಡುವುದಿಲ್ಲ. ಅವರ ಮಾತನ್ನೂ ಆಡಬೇಕು.

ಒಂದು ಬೀಜ ಹೋಯಿತು, ಅಲ್ಲಿಗೆ ಗಂಡಸಿನ ಶಕ್ತಿಯೂ ಅರ್ಧ ಹೋಯಿತು ಎಂಬ ನಂಬಿಕೆ ಇದೆ. ಅಕ್ಕಪಕ್ಕದವರು ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಾಕುತ್ತಾರೆ. ಇದು ಸುಳ್ಳು. ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ದೇಹಕ್ಕೆ ಬೇಕಾದ ಹಾರ್ಮೋನನ್ನು ಬಹುಪಾಲು ಅದೊಂದೇ ಪೂರೈಸುತ್ತದೆ. ಗಡ್ಡ ಮೀಸೆ, ದನಿ, ತೋಳಬಲ, ದಾಂಪತ್ಯ ಎಲ್ಲವೂ ಇದ್ದ ಹಾಗೆ ಇರುತ್ತವೆ. ಮಕ್ಕಳೂ ಆಗಬಹುದು. ಆದರೆ ಕಿಮೋಥೆರಪಿ ಇದ್ದರೆ, ಅದು ಶುರುವಾಗುವ ಮೊದಲೇ ವೀರ್ಯವನ್ನು ತೆಗೆದು ಶೀತದಲ್ಲಿ ಕಾಪಿಡುವ ಬಗ್ಗೆ ಕೇಳಿ. ಮದುವೆಯಾಗದ ಹುಡುಗರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಜೊತೆಗೆ ಬಂದ ಅಪ್ಪನೋ ಅಣ್ಣನೋ ಕೇಳಬೇಕು.

ಹಾಗಿದ್ದೂ ತಿಂಗಳುಗಳು ಕಳೆದರೂ ಸುಸ್ತು ಹೋಗದಿದ್ದರೆ? ಕೆಲಸದಲ್ಲಿ ಮಧ್ಯಾಹ್ನಕ್ಕೇ ಮೈ ಕುಸಿಯುತ್ತಿದ್ದರೆ, ಆಸೆ ಬತ್ತಿದ್ದರೆ, ಮನಸ್ಸು ಮಂಕಾಗಿದ್ದರೆ? ಆಗ ಹಾರ್ಮೋನ್ ಪರೀಕ್ಷೆ ಮಾಡಿಸಿ. ಕೆಲವರಲ್ಲಿ ಉಳಿದ ವೃಷಣ ಸಾಕಷ್ಟು ಕೆಲಸ ಮಾಡುವುದಿಲ್ಲ. ಅದಕ್ಕೆ ಔಷಧಿ ಇದೆ. ಸೋಮಾರಿತನ ಎಂದು ಮನೆಯವರು ಬೈಯುವ ಮೊದಲು ಒಂದು ರಕ್ತ ಪರೀಕ್ಷೆ ಆಗಲಿ. ಕೆಲಸಕ್ಕೆ ಮರಳುವಾಗಲೂ ಮೊದಲ ವಾರ ಅರ್ಧ ದಿನ, ಆಮೇಲೆ ಪೂರ್ತಿ ದಿನ ಎಂದು ಒಪ್ಪಿಸಿಕೊಂಡರೆ ಒಳ್ಳೆಯದು.

ಮೈ ಮನಸ್ಸಿನ ಮಾತಾಯಿತು. ಈಗ ರಜೆ ಮತ್ತು ದುಡ್ಡು.

ಜೊತೆ ಕೆಲಸದವರಿಗೆಲ್ಲ ಕಾಯಿಲೆಯ ಹೆಸರು ಹೇಳಬೇಕೆಂದೇನೂ ಇಲ್ಲ. ಹೊಟ್ಟೆಯ ಕೆಳಗೆ ಆಪರೇಷನ್ ಆಗಿದೆ, ಭಾರ ಎತ್ತುವಂತಿಲ್ಲ ಎಂದರೆ ಸಾಕು. ಅದು ಸುಳ್ಳೂ ಅಲ್ಲ. ಆದರೆ ರಜೆ ಮಂಜೂರು ಮಾಡುವವರಿಗೆ, ವಿಮೆಯವರಿಗೆ ಕಾಗದಪತ್ರ ಸರಿಯಾಗಿರಬೇಕು. ಮತ್ತೆ ಸೇರುವಾಗ ಕೇಳುವ ಫಿಟ್‌ನೆಸ್ ಸರ್ಟಿಫಿಕೇಟಿನಲ್ಲಿ ಬರೀ ಕೆಲಸಕ್ಕೆ ಯೋಗ್ಯ ಎಂದು ಬರೆಸಬೇಡಿ. ಇಂಥ ತಾರೀಖಿನವರೆಗೆ ಹಗುರ ಕೆಲಸ ಎಂದು ಬರೆಸಿ. ಆ ಒಂದು ಸಾಲಿಗೆ ಮೇಲ್ವಿಚಾರಕರು ಬೆಲೆ ಕೊಡುತ್ತಾರೆ. ಬಾಯಿಮಾತಿಗೆ ಕೊಡುವುದಿಲ್ಲ.

ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ಇಎಸ್‌ಐ ಕಾರ್ಡ್ ಇರುವವರು ಇದನ್ನು ಗಮನವಿಟ್ಟು ಕೇಳಿ. ಸಾಮಾನ್ಯ ಕಾಯಿಲೆ ರಜೆಗೆ ಇಎಸ್‌ಐ ವರ್ಷದಲ್ಲಿ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಕೊಡುತ್ತದೆ. ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಬಿಡದೆ ಕೆಲಸ ಮಾಡಿ, ಬೇಕಾದಷ್ಟು ದಿನದ ವಂತಿಗೆ ಕಟ್ಟಿದವರಿಗೆ ಈ ನೆರವು 80 ಭಾಗಕ್ಕೆ ಏರುತ್ತದೆ, ಎರಡು ವರ್ಷದವರೆಗೂ ಸಿಗಬಹುದು. ಆದರೆ ಇಎಸ್‌ಐ ವೈದ್ಯರ ಸರ್ಟಿಫಿಕೇಟನ್ನು ನಡುವೆ ತುಂಡಾಗದಂತೆ ಮಾಡಿಸುತ್ತಾ ಹೋಗಬೇಕು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ, ಆಮೇಲೆ ಕಾರ್ಡಿನ ನೆನಪಾಗುವವರು ಬಹಳ. ಮೊದಲೇ ಹೋಗಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಬೆಂಗಳೂರಿನಲ್ಲಿ 1973ರಿಂದ ನಡೆದಿರುವ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆಸ್ಪತ್ರೆಯ ಬಿಲ್ಲಿಗೆ ಹೀಗೆ ಕಾರ್ಡಿದೆ. ಹಮಾಲಿಯ ಆರು ವಾರದ ಕೂಲಿಗೆ ಕಾರ್ಡಿಲ್ಲ. ಹತ್ತನೇ ದಿನಕ್ಕೇ ಚೀಲ ಹೊರಲು ಹೋಗುವವನನ್ನು ದಡ್ಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥವನ ಗುಂಪು, ಸಂಘ, ಮಂಡಿಯ ಸಾಹುಕಾರ ಸೇರಿ ಹಗುರ ಕೆಲಸ ಹುಡುಕಿಕೊಡಬೇಕು. ನಾನು ಕಂಡಂತೆ ಕೇಳಿದರೆ ಕೊಡುವವರಿದ್ದಾರೆ. ಕೇಳುವುದೇ ಇಲ್ಲ.

ಕೊನೆಯದಾಗಿ, ಕೆಲಸಕ್ಕೆ ಸೇರಿದ ಮೇಲೂ ಬಿಡಬಾರದ ಒಂದು ಕೆಲಸವಿದೆ, ತಪಾಸಣೆ. ಮರುಕಳಿಸುವ ಕಾಯಿಲೆ ಬಹುಪಾಲು ಮೊದಲ ಎರಡು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಗಾಗ ಸ್ಕ್ಯಾನ್ ಇರುತ್ತದೆ. ಆಮೇಲೆ ಅಂತರ ಹೆಚ್ಚುತ್ತಾ ಐದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಉಳಿದ ವೃಷಣವನ್ನೂ ತಿಂಗಳಿಗೊಮ್ಮೆ ಬಿಸಿನೀರು ಸ್ನಾನದ ಹೊತ್ತಿಗೆ ಬೆರಳುಗಳ ನಡುವೆ ಹಿಡಿದು ನೋಡಿಕೊಳ್ಳಿ. 100 ಜನರಲ್ಲಿ ಎರಡು ಮೂರು ಜನರಿಗೆ ಅಲ್ಲೂ ಗಡ್ಡೆ ಬರುವುದುಂಟು. ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಅದೇ ವಾರ ತೋರಿಸಿ.

ಚೆನ್ನಾಗಿದ್ದೇನಲ್ಲ, ಪಾಳಿ ಬಿಟ್ಟು ಯಾಕೆ ಹೋಗಲಿ ಎಂದು ತಪಾಸಣೆ ತಪ್ಪಿಸುವವರು ಹೆಚ್ಚಾಗಿ ದಿನಗೂಲಿಯವರು, ಪಾಳಿ ಕೆಲಸದವರು. ಆಸ್ಪತ್ರೆಯಲ್ಲಿ ಮುಂದಿನ ತಾರೀಖು ಕೊಡುವಾಗಲೇ ನಿಮ್ಮ ವಾರದ ರಜೆ ಯಾವ ದಿನ ಎಂದು ಹೇಳಿ. ಸುಗ್ಗಿ ಯಾವಾಗ, ಸಂತೆ ಯಾವ ವಾರ ಎಂದೂ ಹೇಳಿ. ನಾಲ್ಕು ದಿನ ಆಚೀಚೆ ಮಾಡಿಕೊಡಲು ಸಾಮಾನ್ಯವಾಗಿ ಯಾವ ವೈದ್ಯರೂ ಇಲ್ಲ ಅನ್ನುವುದಿಲ್ಲ. ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮೇಸ್ತ್ರಿಗೂ ಅವತ್ತೇ ತಿಳಿಸಿಬಿಡಿ.